ಬದುವಿನ ಮೇಲೆ ಒಂದು ಮುಂಜಾವು

ರಾತ್ರಿ ಮಿರಗಿನ ಮಳೆ ಜೋರಾಗಿ ಹೊಡೆದು ಹೋಗಿತ್ತು. ಮುಂಡರಗಿ ಸೀಮೆಯ ಆ ಊರಿನಲ್ಲಿ ಬೆಳಕು ಹರಿಯುವ ಹೊತ್ತಿಗೆ ಅಜ್ಜ ಹೆಗಲಿಗೆ ಸಲಿಕೆ ಏರಿಸಿ ಹೊಲದ ಹಾದಿ ಹಿಡಿದಿದ್ದ. ಧೋತರ ಮೊಣಕಾಲಿನ ಮೇಲೆ, ಚಪ್ಪಲಿ ಕೈಯಲ್ಲಿ. ಎರೆಮಣ್ಣು ಹಸಿಯಾದರೆ ಚಪ್ಪಲಿ ಮೆಟ್ಟಿ ನಡೆಯಲಾಗದು. ಹೆಜ್ಜೆ ಹೆಜ್ಜೆಗೂ ಸೇರುಗಟ್ಟಲೆ ಮಣ್ಣು ಅಡಿಗೆ ಮೆತ್ತಿಕೊಳ್ಳುತ್ತದೆ. ಹಿಂದೆ ಮೊಮ್ಮಗಳು, ಕಂಕುಳಲ್ಲೊಂದು ಬುಟ್ಟಿ. ಅವಳ ಹಿಂದೆ ನಾನು. ಅಂದು ಮಣ್ಣೆತ್ತಿನ ಅಮಾವಾಸ್ಯೆ. ಎತ್ತು ಮಾಡಲು ಮೊಮ್ಮಗಳಿಗೆ ತಮ್ಮ ಹೊಲದ ಮಣ್ಣೇ ಬೇಕಿತ್ತು.

ಹಿಂಗಾರಿಗೆಂದು ಬಿಟ್ಟ ಹೊಲ ಅದು. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಅಗಲ ಬಾಯಿಬಿಟ್ಟಿದ್ದ ಬಿರುಕುಗಳು ಒಂದೇ ರಾತ್ರಿಯಲ್ಲಿ ಕೂಡಿಕೊಳ್ಳತೊಡಗಿದ್ದವು. ಅಜ್ಜ ಹೊಲದ ನಡುವೆ ಕಾಲಿಡಲಿಲ್ಲ. ಬದುವಿನ ಗುಂಟ ನಡೆದ. ಒಂದೆಡೆ ಇಲಿ ತೋಡಿದ ಬಿಲದೊಳಗಿಂದ ನೀರು ದಾರಿ ಮಾಡಿಕೊಂಡಿತ್ತು. ಸಲಿಕೆಯಿಂದ ಹೆಂಟೆ ಎತ್ತಿ ಬಿಲಕ್ಕೆ ತುರುಕಿದ, ಹಿಮ್ಮಡಿಯಿಂದ ತುಳಿದ, ಮೇಲೊಂದು ಕರಕಿ ಹುಲ್ಲಿನ ಗಡ್ಡೆ ಕೂರಿಸಿ ಅಂಗೈಯಿಂದ ತಟ್ಟಿದ.

"ಈ ಕರಕಿ ಹೊಲದಾಗ ಬಂದ್ರ ವೈರಿ, ಬದುವಿನ ಮ್ಯಾಲೆ ಬಂದ್ರ ಬೀಗ ನೋಡು ತಮ್ಮಾ" ಎಂದ ನನ್ನತ್ತ ತಿರುಗಿ.

ಹೊಲದ ತಗ್ಗಿನ ಮೂಲೆಯಲ್ಲಿ ಹೆಚ್ಚಾದ ನೀರು ಹೊರಬೀಳಲು ಕಲ್ಲು ಜೋಡಿಸಿದ ಕೋಡಿ. ಅವನ ಅಪ್ಪ ಕಟ್ಟಿದ್ದು. ಅಲ್ಲಿ ಕುಕ್ಕರಗಾಲಲ್ಲಿ ಕುಳಿತು, ಹರಿಯುವ ನೀರನ್ನು ಬೊಗಸೆಯಲ್ಲಿ ಹಿಡಿದು ಬೆಳಕಿಗೆ ಒಡ್ಡಿದ. "ತಿಳಿ ಇದ್ರ ಬರೇ ನೀರು ಹೋಗೇತಿ. ಕರ್ರಗ ಇದ್ರ ಹೊಲಾನ ಹೊಂಟೇತಿ ಅಂತ ತಿಳಕೋ." ಬೊಗಸೆಯ ನೀರು ಅಂದು ಸಾಕಷ್ಟು ತಿಳಿಯಾಗಿತ್ತು. ಅಜ್ಜನ ಮುಖವೂ.

ಗದಗ ಜಿಲ್ಲೆಯ ಈ ಎರೆ ಸೀಮೆಯಲ್ಲಿ ಬಿಳಿಜೋಳ, ಕಡಲೆ, ಕುಸುಬೆ ಬೆಳೆಯುವುದು ಹಿಂಗಾರಿನಲ್ಲಿ. ಬಿತ್ತಿದ ಮೇಲೆ ಮಳೆಯ ಭರವಸೆ ಕಡಿಮೆ. ಮುಂಗಾರಿನಲ್ಲಿ ಮಣ್ಣು ಕುಡಿದಿಟ್ಟುಕೊಂಡ ತೇವವೇ ತೆನೆ ಕಟ್ಟುವವರೆಗೂ ಬೆಳೆಗೆ ಆಧಾರ. ಮಣ್ಣು ಆಳವಿದ್ದಷ್ಟೂ ತೇವ ಹೆಚ್ಚು. ಒಂದು ಗೇಣು ಮಣ್ಣು ಕೊಚ್ಚಿಹೋದರೆ ಅಷ್ಟು ನೀರಿನ ಪಾತ್ರೆಯೇ ಒಡೆದಂತೆ. ಎರೆಮಣ್ಣು ಒಮ್ಮೆ ನೆನೆದು ಉಬ್ಬಿತೆಂದರೆ ಮೇಲಿನ ನೀರನ್ನು ಬೇಗ ಒಳಗೆ ಬಿಡುವುದಿಲ್ಲ. ಅದಕ್ಕೇ ರೈತರು ಹೊಲವನ್ನು ಚೌಕು ಮಡಿಗಳಾಗಿ ಕಟ್ಟಿ, ಬಿದ್ದ ನೀರು ಬಿದ್ದಲ್ಲೇ ನಿಂತು ಇಂಗುವಂತೆ ಮಾಡುತ್ತಾರೆ. ವಿಜಯಪುರದಲ್ಲಿ ಒಣಬೇಸಾಯದ ಸಂಶೋಧನೆ 1930ರ ದಶಕದಲ್ಲೇ ಶುರುವಾಯಿತು. ಬಳ್ಳಾರಿಯಲ್ಲಿ ಮಣ್ಣು ಸಂರಕ್ಷಣಾ ಕೇಂದ್ರ 1954ರಲ್ಲಿ ಬಂತು. ವಿಜ್ಞಾನಿಗಳು ಅಳೆದು ಹೇಳಿದ್ದನ್ನು ಅಜ್ಜ ಬೊಗಸೆಯಲ್ಲಿ ನೋಡಿ ಹೇಳುತ್ತಾನೆ.

ಭಾರತದಲ್ಲಿ ವರ್ಷಕ್ಕೆ ಹೆಕ್ಟೇರಿಗೆ ಸರಾಸರಿ 16 ಟನ್ನಿಗೂ ಹೆಚ್ಚು ಮಣ್ಣು ಸವೆಯುತ್ತದೆಂದು 1983ರಲ್ಲೇ ವಿಜ್ಞಾನಿಗಳು ಅಂದಾಜಿಸಿದ್ದರು. ಎಕರೆ ಲೆಕ್ಕದಲ್ಲಿ ಆರೂವರೆ ಟನ್. ಯಾರಾದರೂ ಟ್ರ್ಯಾಕ್ಟರ್ ತಂದು ಒಂದು ಟ್ರೇಲರ್ ಮಣ್ಣು ತುಂಬಿಕೊಂಡು ಹೋದರೆ ಊರೇ ಎದ್ದು ಜಗಳಕ್ಕೆ ನಿಲ್ಲುತ್ತದೆ. ಮಳೆ ಒಯ್ದರೆ ಯಾರೂ ಕೇಳುವುದಿಲ್ಲ. ಈ ಸೀಮೆಯ ಹಳ್ಳಗಳು ಸೇರುವುದು ತುಂಗಭದ್ರೆಗೆ. 1953ರಲ್ಲಿ ನೀರು ನಿಲ್ಲಿಸಿದಾಗ ಸುಮಾರು 133 ಟಿಎಂಸಿ ಅಡಿ ಹಿಡಿಯುತ್ತಿದ್ದ ತುಂಗಭದ್ರಾ ಜಲಾಶಯ ಇಂದು ಹಿಡಿಯುವುದು ಸುಮಾರು 105. ಉಳಿದ ಜಾಗದಲ್ಲಿ ಹೂಳು ಕುಳಿತಿದೆ. ಅದರಲ್ಲಿ ಎಷ್ಟೋ ರೈತರ ಹೊಲಗಳಿವೆ.

ಬದುವಿನಾಚೆಯ ಹೊಲ ಕಂಡರೆ ಸಂಕಟವಾಗುತ್ತದೆ. ಒಡೆಯರು ಪಟ್ಟಣ ಸೇರಿದ್ದಾರೆ, ಹೊಲ ಲಾವಣಿಗೆ, ಅಂದರೆ ಗೇಣಿಗೆ, ಹೋಗಿದೆ. ವರ್ಷಕ್ಕೊಬ್ಬರು ಬಂದು ಬಿತ್ತಿ ಹೋಗುತ್ತಾರೆ. ಟ್ರ್ಯಾಕ್ಟರ್ ತಿರುಗಲು ಅಡ್ಡವೆಂದು ನಡುವಿನ ಬದು ಕಿತ್ತಿದ್ದಾರೆ. ಇಳಿಜಾರಿನ ಗುಂಟವೇ ನೇಗಿಲು ಹೊಡೆದಿದ್ದಾರೆ. ನೀರು ಸಾಲುಸಾಲಾಗಿ ಇಳಿದು ಮೊಣಕಾಲುದ್ದದ ಕೊರಕಲು ಬಿದ್ದಿದೆ. ಲಾವಣಿ ಮಾಡಿದವರನ್ನು ಅಜ್ಜ ಬೈಯಲಿಲ್ಲ. "ಮುಂದಿನ ವರ್ಷ ತಂದಾಗಿರತೈತೋ ಇಲ್ಲೋ, ಬದು ಯಾಕ ಹಾಕ್ತಾನಪ್ಪಾ ಅವ?" ಎಂದಷ್ಟೇ ಹೇಳಿ, ಹರಿದು ಬಂದ ನೀರಿಗೆ ಅಡ್ಡಲಾಗಿ ನಾಲ್ಕು ಸಲಿಕೆ ಮಣ್ಣು ಹಾಕಿದ.

ಅಷ್ಟರಲ್ಲಿ ಮೊಮ್ಮಗಳು ಬುಟ್ಟಿ ತುಂಬಿದ್ದಳು. ಮನೆಯ ಕಟ್ಟೆಯ ಮೇಲೆ ಮಣ್ಣು ನಾದಿ, ಮೈ ತೀಡಿ, ಡುಬ್ಬ ಎತ್ತಿ, ಕೋಡು ಮೂಡಿಸಿದಳು. ಕಣ್ಣಿಗೆ ಜೋಳದ ಕಾಳು. ಎತ್ತಿನ ಮುಂದೊಂದು ಪುಟ್ಟ ಗ್ವಾದಲಿ. ದನದ ಕೊಟ್ಟಿಗೆ ಖಾಲಿಯಾಗಿ ವರ್ಷಗಳೇ ಆಗಿವೆ; ಆದರೂ ಜಗಲಿಯ ಮೇಲೆ ಜೋಡೆತ್ತು ನಿಂತು ಹೋಳಿಗೆಯ ನೈವೇದ್ಯ ಪಡೆದವು. ಇದು ವರ್ಷದ ಮೊದಲ ಮಣ್ಣಿನ ಪೂಜೆ. ಮುಂದೆ ಗುಳ್ಳವ್ವ, ಹುತ್ತಿನ ಮಣ್ಣಿನ ನಾಗಪ್ಪ, ಗಣಪ್ಪ, ಜೋಕುಮಾರ. ಐದು ಸಲ ಮಣ್ಣನ್ನು ದೇವರೆಂದು ಕೂರಿಸಿ ಕೈಮುಗಿಯುವ ನಾಡು ನಮ್ಮದು.

ಆ ಕೈಮುಗಿತ ಜಗಲಿಯಲ್ಲೇ ನಿಂತರೆ ಮಣ್ಣು ಉಳಿಯದು. ಸರ್ಕಾರಿ ಯೋಜನೆಯ ಹಣ ಬದು ಹಾಕಿಸಬಹುದು. ವರ್ಷ ವರ್ಷ ಇಲಿಬಿಲ ಮುಚ್ಚಲು ಹೊಲ ನನ್ನದೆಂಬ ಅಕ್ಕರೆಯೇ ಬೇಕು. ಊರಲ್ಲಿ ಹೊಲ ಇಟ್ಟುಕೊಂಡು ಪಟ್ಟಣದಲ್ಲಿ ಇರುವವರೇ, ಲಾವಣಿ ಮಾತಾಡುವಾಗ ಬದುವಿನ ಮಾತನ್ನೂ ಆಡಿ. ಈ ಮುಂಗಾರಿನಲ್ಲಿ ಒಂದು ದೊಡ್ಡ ಮಳೆ ನಿಂತ ಮರುದಿನ ಊರಿಗೆ ಹೋಗಿ. ತಗ್ಗಿನ ಮೂಲೆಯಲ್ಲಿ ಕುಳಿತು ನೀರನ್ನೊಮ್ಮೆ ಬೊಗಸೆಯಲ್ಲಿ ಹಿಡಿದು ನೋಡಿ.