ಕಿತ್ತಳೆ ಕಲ್ಲು ಹಿಡಿದು

ಶಿರಾಳಕೊಪ್ಪದ ಬಸ್‌ಸ್ಟ್ಯಾಂಡಿನಿಂದ ಕೂಗಳತೆ ದೂರದ ಆ ಸೈಕಲ್ ಶಾಪಿಗೆ ಬೋರ್ಡಿಲ್ಲ. ಬಾಗಿಲ ಮೊಳೆಗೆ ನೇತುಹಾಕಿದ ಸವೆದ ಟೈರೇ ಬೋರ್ಡು. ಊರಿಗೆಲ್ಲ ಚಾಚಾ ಆಗಿರುವ ಮೇಸ್ತ್ರಿ ನೀರಿನ ತೊಟ್ಟಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ನನ್ನ ಟ್ಯೂಬನ್ನು ಗೇಣುಗೇಣಾಗಿ ಮುಳುಗಿಸುತ್ತಿದ್ದರು. ಗುಳ್ಳೆ ಎದ್ದಲ್ಲಿ ಹೆಬ್ಬೆರಳು ಒತ್ತಿಹಿಡಿದು, ಇನ್ನೊಂದು ಕೈಯಲ್ಲಿ ಟೈರಿನ ಒಳಮೈ ಸವರಿ, ಮುರಿದ ಮುಳ್ಳಿನ ತುದಿ ಕಿತ್ತು ತೋರಿಸಿದರು.

"ಜಾಲಿಮುಳ್ಳು. ಶಿಕಾರಿಪುರದ ಕಡೆಯಿಂದ ಬಂದ್ರಿ, ಅದೂ ಒಳದಾರೀಲಿ. ಹೌದೋ ಅಲ್ಲೋ?"

ಹೌದು. ಅವರಿಗೆ ಪಂಕ್ಚರೇ ನಕ್ಷೆ. ಮುಖ್ಯರಸ್ತೆ ಹಿಡಿದು ಬಂದವರ ಟೈರಿನಲ್ಲಿ ಸಿಗುವುದು ಕೂದಲೆಳೆಯಂಥ ತಂತಿ. ಒಡೆದ ಲಾರಿ ಟೈರಿನ ಹೊಟ್ಟೆಯಿಂದ ಉದುರಿದ್ದು. ಪೂರ್ವದ ಬಯಲಿನವರಿಗೆ ಜಾಲಿ. ಸೊರಬದ ಕಡೆಯವರಿಗೆ ಬಿದಿರಿನ ಸಿಬಿರು, ಇಲ್ಲವೇ ಬರೀ ಕೆಸರು. ಮಲೆನಾಡು ಎಲ್ಲಿ ಶುರುವಾಗುತ್ತದೆಂದು ಭೂಗೋಳದ ಪುಸ್ತಕ ಮಳೆ ಲೆಕ್ಕ ಕೊಟ್ಟು ಹೇಳುತ್ತದೆ, ಚಾಚಾ ಟ್ಯೂಬ್ ನೋಡಿ ಹೇಳುತ್ತಾರೆ.

ನಾನು ಬಂದದ್ದು ದಾರಿ ಹುಡುಕಿಕೊಂಡು. ಬೆಂಗಳೂರಿನ ಗೆಳೆಯನೊಬ್ಬ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಸೈಕಲ್ ಸವಾರಿ ಮುಗಿಸಿ ಬಂದ ಮೇಲೆ ನನ್ನ ತಲೆ ತಿನ್ನುತ್ತಲೇ ಇದ್ದ. 1891ರಲ್ಲಿ ಮೊದಲ ಸಲ ನಡೆದ, ಈಗ ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಸವಾರಿ ಅದು. 1200 ಕಿ.ಮೀ. ತುಳಿಯಲು 90 ಗಂಟೆ. ಅವನು ಮಂಡಿನೋವಿನ ಮಾತು ಎರಡು ವಾಕ್ಯದಲ್ಲಿ ಮುಗಿಸಿ ಫ್ರಾನ್ಸಿನ ಹಳ್ಳಿರಸ್ತೆಗಳ ಬಗ್ಗೆ ಗಂಟೆಗಟ್ಟಲೆ ಹೇಳುತ್ತಿದ್ದ. ಬ್ರಿಟನಿ ಸೀಮೆಯಲ್ಲಿ ಅಪರಾತ್ರಿಯಲ್ಲೂ ಮನೆ ಮುಂದೆ ಮೇಜು ಹಾಕಿ ಸವಾರರಿಗೆ ಕಾಫಿ ಕೊಡುವವರಿದ್ದಾರಂತೆ. ದುಡ್ಡು ಬೇಡ, ಊರು ಮುಟ್ಟಿದ ಮೇಲೆ ಒಂದು ಪೋಸ್ಟ್‌ಕಾರ್ಡ್ ಹಾಕಿ ಅನ್ನುತ್ತಾರಂತೆ. ಅಲ್ಲಿ ಜಿಲ್ಲಾ ರಸ್ತೆಗಳ ಮೈಲಿಗಲ್ಲಿಗೆ ಹಳದಿ ಟೋಪಿ. ಹಳದಿ ಕಂಡರೆ ಗದ್ದಲ ಮುಗಿಯಿತು ಎಂದೇ ಅರ್ಥವಂತೆ.

ನಮ್ಮಲ್ಲಿ ಹಳದಿ ಕಂಡರೆ ಗದ್ದಲ ಶುರು, ಅದು ರಾಷ್ಟ್ರೀಯ ಹೆದ್ದಾರಿಯ ಬಣ್ಣ. ಹಸಿರು ತಲೆಯದು ರಾಜ್ಯ ಹೆದ್ದಾರಿ, ಅಲ್ಲೂ ಸೈಕಲ್ಲಿಗೆ ಮಣ್ಣಂಚೇ ಗತಿ. ಇದನ್ನೆಲ್ಲ ಹೇಳಿದರೆ ಚಾಚಾ ಸಲ್ಯೂಷನ್ ಹಚ್ಚಿದ ಪ್ಯಾಚಿಗೆ ಬಾಯಿಂದ ಉಫ್ ಎಂದು ಊದುತ್ತ, "ಕಿತ್ತಳೆ ಕಲ್ಲು ಹಿಡ್ಕೊಂಡು ಹೋಗ್ರಿ" ಎಂದರು. ಕಿತ್ತಳೆ ಬಳಿದವು ಹಳ್ಳಿರಸ್ತೆಗಳು. 2000ದಲ್ಲಿ ಶುರುವಾದ ಗ್ರಾಮ ಸಡಕ್ ಯೋಜನೆಯಿಂದ ಡಾಂಬರು ಕಂಡವು. ಎರಡು ಎತ್ತಿನಗಾಡಿ ಎದುರಾದರೆ ಒಂದು ಕೆಳಗಿಳಿಯಬೇಕು, ಅಷ್ಟೇ ಅಗಲ.

ಆ ಕಲ್ಲು ಹಿಡಿದು ಮೂರು ದಿನ ತಿರುಗಿದೆ.

ಶಿಕಾರಿಪುರದಲ್ಲಿ ಹೊರಡುವುದಾದರೆ ಹುಚ್ಚರಾಯಸ್ವಾಮಿ ಗುಡಿಯ ಬಳಿಯ ಕೆರೆಯಿಂದ, ಬೆಳಗಿನ ಆರಕ್ಕೆ. ನವೆಂಬರ್‌ನಿಂದ ಫೆಬ್ರವರಿವರೆಗೆ ಸೊಗಸು. ಮೆಕ್ಕೆಜೋಳದ ಕೊಯ್ಲಾದ ಮೇಲೆ ಅರ್ಧ ರಸ್ತೆ ಕಣವಾಗುತ್ತದೆ. ಉದ್ದಕ್ಕೂ ಕಾಳು ಹರವಿ, ಅಂಚಿಗೆ ಕಲ್ಲಿಟ್ಟು, ಒಬ್ಬ ಅಜ್ಜಿಯನ್ನು ಕಾವಲಿಗೆ ಕೂರಿಸಿರುತ್ತಾರೆ. ಕಾರಿನವರಿಗೆ ಅಜ್ಜಿ ಬೈಯುತ್ತಾಳೆ. ಸೈಕಲ್ಲಿಗೆ ಒಂದು ಗೇಣು ದಾರಿ ಬಿಟ್ಟಿರುತ್ತಾಳೆ. ಹಲ್ಲಿನ ಬಾಚಣಿಗೆಯಲ್ಲಿ ಕಾಳು ಹೊರಳಿಸುತ್ತಿದ್ದ ಒಬ್ಬಾಕೆ ನನ್ನ ಹೆಲ್ಮೆಟ್ ನೋಡಿ, "ಇದ್ಯಾಕಪ್ಪಾ, ಬಿದ್ದೀಯ ಅಂತ ಮೊದಲೇ ಗೊತ್ತಾಗೇತೇನು?" ಎಂದು ಕೇಳಿದಳು.

ಬಳ್ಳಿಗಾವಿ, ತಾಳಗುಂದ ಎರಡೂ ಶಿರಾಳಕೊಪ್ಪದ ಮಗ್ಗುಲಲ್ಲೇ ಇವೆ. ಬಳ್ಳಿಗಾವಿಯ ಕೇದಾರೇಶ್ವರ ಗುಡಿ, ಗಂಡಭೇರುಂಡ ಕಂಬದ ಬಗ್ಗೆ ಫಲಕಗಳೇ ಚೆನ್ನಾಗಿ ಹೇಳುತ್ತವೆ. ತಾಳಗುಂದದ ಪ್ರಣವೇಶ್ವರ ಗುಡಿಯಂಗಳದಲ್ಲಿ ಈ ಶತಮಾನದ ಎರಡನೇ ದಶಕದ ಉತ್ಖನನದಲ್ಲಿ ಸಿಕ್ಕ, ಮೆಟ್ಟಿಲ ಮಗ್ಗುಲ ಸಿಂಹಕಟಾಂಜನದ ಶಾಸನವನ್ನು ಕ್ರಿ.ಶ. 370ರದ್ದೆಂದು ಪುರಾತತ್ವ ಇಲಾಖೆ ಹೇಳಿದೆ. ನನಗೆ ಹಿಡಿಸಿದ್ದು ಮಾತ್ರ ಗುಡಿಯೆದುರಿನ ಸ್ತಂಭ. ಕುಬ್ಜ ಎಂಬ ಕವಿ ಬರೆದ ಸಂಸ್ಕೃತ ಶಾಸನ. ಇಲ್ಲಿಂದ ಕಂಚಿಗೆ ಓದಲು ಹೋದ ಮಯೂರಶರ್ಮ ಪಲ್ಲವರ ಕುದುರೆ ಸವಾರನೊಬ್ಬನ ಜೊತೆ ಜಗಳವಾಗಿ ಸಿಟ್ಟಿಗೆದ್ದನೆಂದೂ, ದರ್ಭೆ ಹಿಡಿಯುವ ಕೈಯಲ್ಲಿ ಕತ್ತಿ ಹಿಡಿದನೆಂದೂ ಅದು ಹೇಳುತ್ತದೆ. ಕದಂಬ ರಾಜ್ಯದ ಬುಡದಲ್ಲಿರುವುದು ಕುದುರೆ ಏರಿದವನ ಜೊತೆಗಿನ ಜಗಳ! ಹಿಂದಿನಿಂದ ಬಂದು ಕಿವಿಗಡಚಿಕ್ಕುವ ಹಾರನ್ ಹೊಡೆಸಿಕೊಂಡ ಯಾವ ಸೈಕಲ್ ಸವಾರನಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ತೋರಿತು. ಮಯೂರ ತಾಳಗುಂದದವನು, ಅಲ್ಲಮಪ್ರಭು ಬಳ್ಳಿಗಾವಿಯವನು, ಅಕ್ಕಮಹಾದೇವಿ ಉಡುತಡಿಯವಳು. ಮೂವರೂ ಒಂದೇ ಸೀಮೆಯವರು, ಮೂವರೂ ಊರು ಬಿಟ್ಟು ನಡೆದುಹೋದವರು.

ಪಡುವಣಕ್ಕೆ ತಿರುಗಿ ಸೊರಬ ತಾಲ್ಲೂಕಿಗೆ ದಾಟಿದರೆ ಪೆಡಲಿನ ಲಯವೇ ಬೇರೆ. ಇದು ಕೆರೆಗಳ ಸೀಮೆ. ಎಷ್ಟೋ ಕಡೆ ರಸ್ತೆಯೆಂದರೆ ಕೆರೆ ಏರಿಯೇ. ಒಂದಿಷ್ಟು ದಿಣ್ಣೆ ಹತ್ತು, ಏರಿಯ ಮೇಲೆ ಅಂಗೈಯಂಥ ಸಮತಟ್ಟು. ಎಡಕ್ಕೆ ನೀರು, ಬಲಕ್ಕೆ ತೂಬಿನ ಕೆಳಗಿನ ಗದ್ದೆ. ಕೋಡಿಯ ಹತ್ತಿರ ಸರ್ರನೆ ಇಳಿಜಾರು, ಇಳಿದ ಓಟದಲ್ಲೇ ಅರ್ಧ ದಿಣ್ಣೆ ಹತ್ತಿರುತ್ತೀರಿ, ಅಷ್ಟರಲ್ಲಿ ಮುಂದಿನ ಕೆರೆ. ನೀರು ಯಾವತ್ತೂ ಕಡಿದಾದ ಏರು ಕೇಳುವುದಿಲ್ಲ. ಕೆರೆ ಕಟ್ಟಿದವರು ನೀರಿಗೆ ಕೊಟ್ಟ ಮಟ್ಟವನ್ನೇ ಈಗ ಮೊಣಕಾಲು ಅನುಭವಿಸುತ್ತದೆ. ಫ್ರಾನ್ಸಿನಲ್ಲಿ ಲ್ವಾರ್ ನದಿಯ ದಂಡೆಗುಂಟ 900 ಕಿ.ಮೀ. ಸೈಕಲ್ ದಾರಿಯನ್ನು ಯೋಜನೆ ಹಾಕಿಯೇ ಮಾಡಿದ್ದಾರೆ. ಇಲ್ಲಿ ಯಾರೂ ಹಾಗೆಂದುಕೊಂಡು ಮಾಡಿದ್ದಲ್ಲ.

ನಡುನಡುವೆ ಕಾನು. ದೇವರಿಗೆ ಬಿಟ್ಟ, ಮೆಣಸು, ಬಗನಿ ಬೆಳೆದ ದಟ್ಟ ಹಸಿರು ಕಾಡಿನ ತುಂಡುಗಳು. 1868ರಲ್ಲೇ ಬ್ರಾಂಡಿಸ್ ಮತ್ತು ಗ್ರ್ಯಾಂಟ್ ಎಂಬ ಬ್ರಿಟಿಷ್ ಸರ್ಕಾರದ ಅಧಿಕಾರಿಗಳು ಸೊರಬದ ಕಾನುಗಳ ಬಗ್ಗೆ ವರದಿ ಬರೆದಿದ್ದರು. ಈಗ ಅನೇಕ ಕಡೆ ಅಂಚಿಗೆ ಶುಂಠಿ, ಅನಾನಸ್ ಬಂದಿದೆ. ಕಾನಿನ ನೆರಳಿಗೆ ಬಂದದ್ದು ಮೊದಲು ತಿಳಿಯುವುದು ಮೈಗೆ: ಬೆವರು ತಟ್ಟನೆ ತಣ್ಣಗಾಗುತ್ತದೆ.

ಸೊರಬದಿಂದ ಗುಡವಿ ಪಕ್ಷಿಧಾಮಕ್ಕೆ 16 ಕಿ.ಮೀ. ಮಳೆಗಾಲದಲ್ಲಿ ಬಿಳಿ ಕೆಂಬರಲುಗಳು ಗೂಡು ಕಟ್ಟುತ್ತವೆ. ಚಂದ್ರಗುತ್ತಿ ಗುಡ್ಡ ದೂರದಿಂದಲೇ ದಾರಿ ತೋರುತ್ತದೆ. ವರದಾ ತೀರದ ಬನವಾಸಿಯನ್ನೂ ಮುಟ್ಟಿದೆ. ಬನವಾಸಿ ಬಂದಕೂಡಲೇ ಪಂಪನನ್ನು ನೆನೆಯುವುದು ನಮ್ಮ ಬರಹಗಾರರ ಚಟ, ನನಗೆ ಆ ಹೊತ್ತಿಗೆ ಮಿರ್ಚಿ, ಮಂಡಕ್ಕಿಯಷ್ಟೇ ನೆನಪಾದದ್ದು.

ಮರಳಿ ಬಂದಾಗ ಚಾಚಾ ಬಿಡುವಾಗಿದ್ದರು. ಬಿಡುವಾಗಿಯೇ ಇರುತ್ತಾರೆ. 2006-07ರಲ್ಲಿ ಸರ್ಕಾರ ಎಂಟನೇ ತರಗತಿಯ ಹುಡುಗಿಯರಿಗೆ ಸೈಕಲ್ ಕೊಡಲು ಶುರುಮಾಡಿ, ಆಮೇಲೆ ಹುಡುಗರಿಗೂ ಕೊಟ್ಟಾಗ ಶಾಪಿಗೆ ಮತ್ತೆ ಜೀವ ಬಂದಿತ್ತು. ಆಗ ಉಪಮುಖ್ಯಮಂತ್ರಿಯಾಗಿ ಹಣಕಾಸು ನೋಡುತ್ತಿದ್ದವರು ಶಿಕಾರಿಪುರದ ಶಾಸಕ ಬಿ.ಎಸ್. ಯಡಿಯೂರಪ್ಪ. ಸಂಜೆ ಸ್ಕೂಲು ಬಿಟ್ಟರೆ ಇಲ್ಲಿ ಸಾಲು ನಿಲ್ಲುತ್ತಿತ್ತಂತೆ: ಚೈನು ಕಳಚಿದ್ದು, ಬ್ರೇಕು ಹಿಡಿಯದ್ದು, ಕಡ್ಡಿ ಮುರಿದದ್ದು. ಕೋವಿಡ್ ಬಂತು, ಸೈಕಲ್ ನಿಂತಿತು.

ಅದಕ್ಕೂ ಹಿಂದೆ ಬಾಡಿಗೆ ಸೈಕಲ್ಲಿನ ಕಾಲ. ಹನ್ನೊಂದಿದ್ದವು, ಮಡ್‌ಗಾರ್ಡಿನ ಮೇಲೆ ನಂಬರು. ಏಳನೇ ನಂಬರಿನದು ಮಾತ್ರ ಈಗ ಅಟ್ಟದ ಜಂತಿಗೆ ತೂಗುತ್ತಿದೆ. ಈ ಸೀಮೆಯ ಎಷ್ಟೋ ಜನ ಒಳಪೆಡಲ್ ಕಲಿತದ್ದು ಅದರ ಮೇಲೆ. ಚಾಚಾ ಎದ್ದುಹೋಗಿ ಗೆದ್ದಲು ಹಿಡಿದ ಲೆಕ್ಕದ ಪುಸ್ತಕ ತಂದರು. ನಂಬರು, ಹೆಸರು, ಹೋದ ವೇಳೆ, ಬಂದ ವೇಳೆ. ಒಂದು ಸಾಲಿನಲ್ಲಿ ಕೊನೆಯ ಮನೆ ಖಾಲಿ.

"ಸೈಕಲ್ ಅವತ್ತೇ ಸಿಕ್ತು, ಬಸ್‌ಸ್ಟ್ಯಾಂಡಿನ ಹಿಂದೆ. ಹುಡುಗ ಬೊಂಬಾಯಿಗೆ ಹೋದ. ಬಂದ ಮೇಲೆ ಬರೆಯೋಣ ಅಂತ ಬಿಟ್ಟೀನಿ."

ಹೊರಡುವಾಗ ಎರಡೂ ಗಾಲಿಗೆ ಪಂಪ್ ಒತ್ತಿ, ಹೆಬ್ಬೆರಳಿನಲ್ಲಿ ಅದುಮಿ ನೋಡಿದರು. ಪಂಕ್ಚರಿನ ದುಡ್ಡು ತೆಗೆದುಕೊಂಡರು, ಗಾಳಿಗೆ ಬೇಡವೆಂದರು. ನಾನು ಸೀಟು ಏರಿ ಒಂದು ಕಾಲು ಪೆಡಲ್ ಮೇಲಿಟ್ಟಾಗ ಹಿಂದಿನಿಂದ ಕೇಳಿದರು:

"ನಿಮ್ಮ ಗೆಳೆಯರನ್ನ ಕೇಳ್ರಿ, ಅಲ್ಲಿ ಫ್ರಾನ್ಸ್‌ನಾಗೆ ಗಾಳಿಗೆ ಎಷ್ಟು ತಗೊಂತಾರೆ ಅಂತ."