ಎರಡು ನಿಮಿಷ ಎಳೆದರೆ ಸೊಂಟ ಎಷ್ಟು ಹೊತ್ತು ಸಡಿಲ?

ಕಳೆದ ವರ್ಷ ಖೋ-ಖೋ ಆಯ್ಕೆಯ ದಿನ ನಾನು ಎಲ್ಲರಿಗಿಂತ ಮೊದಲೇ ಮೈದಾನಕ್ಕೆ ಹೋಗಿ ಚೆನ್ನಾಗಿ ಸ್ಟ್ರೆಚಿಂಗ್ ಮಾಡಿದ್ದೆ. ಖೋ-ಖೋದಲ್ಲಿ ಓಡುವವರು ಮೂವರು ಮೂವರಾಗಿ ಒಳಗೆ ಹೋಗುತ್ತಾರೆ. ನನ್ನ ಗುಂಪಿನ ಸರದಿ ಬರುವವರೆಗೆ ಮುಕ್ಕಾಲು ಗಂಟೆ ಕಟ್ಟೆಯ ಮೇಲೆ ಕೂತಿದ್ದೆ. ಓಡಲು ಶುರು ಮಾಡಿ ಎರಡನೇ ತಿರುವಿಗೇ ತೊಡೆಯ ಹಿಂಭಾಗ ಹಿಡಿದುಕೊಂಡಿತು. ಎರಡು ವಾರ ರುಕೂಗೆ ಬಗ್ಗುವಾಗಲೂ ನೋವು. ಸ್ಟ್ರೆಚಿಂಗ್ ಮಾಡಿಯೂ ಹೀಗೇಕಾಯಿತು?

ಸೊಂಟದ ಕೀಲು ಬಟ್ಟಲಿನಲ್ಲಿ ಕೂತ ಗುಂಡಿನಂತಿದೆ, ಎಲ್ಲ ಕಡೆಗೂ ತಿರುಗುತ್ತದೆ. ತಡೆಯುವುದು ಹೆಚ್ಚಾಗಿ ಸ್ನಾಯು. ಮಲಗಿ ಮಂಡಿ ಮಡಚಿ ಕಾಲೆತ್ತಿ ನೋಡಿ, ತೊಡೆ ಹೊಟ್ಟೆಯವರೆಗೆ ಬರುತ್ತದೆ. ಮಂಡಿ ನೇರ ಮಾಡಿದರೆ ಅರ್ಧದಲ್ಲೇ ನಿಲ್ಲುತ್ತದೆ. ಕೂರುವ ಮೂಳೆಯಿಂದ ಹೊರಟು ಮಂಡಿಯ ಕೆಳಗೆ ಅಂಟಿಕೊಳ್ಳುವ ಹ್ಯಾಮ್‌ಸ್ಟ್ರಿಂಗ್ ಸ್ನಾಯು ಆಗ ಎರಡೂ ತುದಿಯಿಂದ ಎಳೆಯಲ್ಪಡುತ್ತದೆ.

ಮನೆಯಲ್ಲಿ ಚಾಪೆ ಹಾಸಿ ಮಲಗಿ, ಮೊಬೈಲಿನ ಕೋನ ತೋರಿಸುವ ಆ್ಯಪ್ ಅನ್ನು ತಮ್ಮನ ಕೈಗೆ ಕೊಟ್ಟು ಅಳೆಸಿಕೊಂಡೆ. ಬಲಗಾಲು 66 ಡಿಗ್ರಿ. 30 ಸೆಕೆಂಡಿನಂತೆ ನಾಲ್ಕು ಸಲ ಎಳೆದ ಮೇಲೆ 74. ಸ್ಟ್ರೆಚ್ ಮಾಡದ ಎಡಗಾಲನ್ನೂ ಜೊತೆಗೇ ಅಳೆದೆವು, ಅದು 67ರಿಂದ 68ಕ್ಕೆ ಮಾತ್ರ ಹೋಯಿತು. ಅರ್ಧ ಗಂಟೆ ಸುಮ್ಮನೆ ಕೂತು ಮತ್ತೆ ಅಳೆದರೆ ಬಲಗಾಲು 68! ಒಬ್ಬನ ಕಾಲಿನ ಲೆಕ್ಕ ಇದು, ತಮ್ಮನ ಕೈಯೂ ಅಲುಗಿರಬಹುದು. ಆದರೆ ಕ್ರೀಡಾ ವಿಜ್ಞಾನ ಹೇಳುವುದೂ ಇದನ್ನೇ: ಒಂದೆರಡು ನಿಮಿಷದ ಸ್ಟ್ರೆಚಿಂಗ್‌ನ ಲಾಭ ಕೆಲವು ನಿಮಿಷಗಳಿಂದ ಅರ್ಧ ಗಂಟೆಯ ಆಸುಪಾಸಿನಲ್ಲಿ ಇಳಿದುಹೋಗುತ್ತದೆ.

ಏಕೆಂದರೆ ಎರಡು ನಿಮಿಷದಲ್ಲಿ ಸ್ನಾಯು ಉದ್ದವಾಗುವುದಿಲ್ಲ. ಎಳೆದು ಹಿಡಿದಾಗ ಸ್ನಾಯು ಮತ್ತು ಅದರ ಸುತ್ತಲಿನ ಪೊರೆಗಳ ಬಿಗಿ ಸ್ವಲ್ಪ ಹೊತ್ತು ಸಡಿಲವಾಗುತ್ತದೆ, ಬಿಟ್ಟರೆ ಮರಳುತ್ತದೆ. ಅದಕ್ಕಿಂತ ಮುಖ್ಯವಾದದ್ದು ಸಹನೆ. "ಸಾಕು, ನಿಲ್ಲಿಸು" ಎನ್ನುವ ಮಿದುಳು ಅದೇ ಎಳೆತವನ್ನು ಇನ್ನೂ ಸ್ವಲ್ಪ ಮುಂದಕ್ಕೆ ಬಿಡುತ್ತದೆ. ನಮ್ಮ ಅಕೌಂಟೆನ್ಸಿ ಭಾಷೆಯಲ್ಲಿ ಇದು ಬಂಡವಾಳವಲ್ಲ, ಸಂಜೆಯೊಳಗೆ ತೀರಿಸಬೇಕಾದ ಕೈಸಾಲ. ಬಂಡವಾಳ ಬೇಕೆಂದರೆ ವಾರಗಟ್ಟಲೆ ಬಿಡದೆ ಮಾಡಬೇಕು.

ಇನ್ನೊಂದು ವಿಷಯ ನನಗೆ ಗೊತ್ತೇ ಇರಲಿಲ್ಲ. ಒಂದೇ ಸ್ನಾಯುವನ್ನು ನಿಮಿಷಕ್ಕಿಂತ ಹೆಚ್ಚು ಹೊತ್ತು ಹಿಡಿದಿಟ್ಟರೆ, ಕೂಡಲೇ ಓಡುವಾಗ, ಜಿಗಿಯುವಾಗ ಬಲ ತುಸು ಕುಂದುತ್ತದೆ. ಓಟಕ್ಕೆ ಮುಂಚೆ ನಿಧಾನ ಜಾಗಿಂಗ್, ಕಾಲು ಬೀಸುವುದು, ಮಂಡಿ ಎತ್ತಿ ನಡೆಯುವುದು ಒಳ್ಳೆಯದು, ಮೈಯೂ ಬಿಸಿಯಾಗುತ್ತದೆ. ನನ್ನ ತೊಡೆ ಹಿಡಿದದ್ದಕ್ಕೆ ಕಟ್ಟೆಯ ಮೇಲಿನ ಮುಕ್ಕಾಲು ಗಂಟೆಯೊಂದೇ ಕಾರಣ ಎನ್ನಲಾರೆ. ಆದರೆ ತಣ್ಣಗಾದ ಕಾಲಲ್ಲೇ ಓಡಿದ್ದಂತೂ ನಿಜ.

ಈ ವರ್ಷದ ಆಯ್ಕೆ ಮುಂದಿನ ವಾರ. ನನ್ನ ಗುಂಪು ಎಷ್ಟನೆಯದು ಎಂದು ಪಿ.ಟಿ. ಸರ್ ಬಳಿ ಮೊದಲೇ ಕೇಳಿಟ್ಟುಕೊಂಡಿದ್ದೇನೆ. ಮತ್ತೆ ಮೂರನೆಯದೇ.