ಕಿವಿಯಿಂದ ಓದುವವರಿಗೆ ಕಡತ ಕಳಿಸುವ ಮುನ್ನ

ಕಣ್ಣು ಕಾಣದವರು ಕಂಪ್ಯೂಟರ್ ಬಳಸುವುದು ಸ್ಕ್ರೀನ್ ರೀಡರ್ ಎಂಬ ತಂತ್ರಾಂಶದ ನೆರವಿನಿಂದ. ಪರದೆಯ ಮೇಲಿರುವುದನ್ನು ಅದು ದನಿಯಲ್ಲಿ ಹೇಳುತ್ತ ಹೋಗುತ್ತದೆ. ಮೌಸ್ ಬೇಕಿಲ್ಲ, ಎಲ್ಲವೂ ಕೀಲಿಮಣೆಯಿಂದಲೇ ನಡೆಯುತ್ತದೆ. ವಿಂಡೋಸ್ ಬಳಸುವವರಿಗೆ ಎನ್‌ವಿಡಿಎ ಎಂಬುದು ಉಚಿತವಾಗಿಯೇ ಸಿಗುತ್ತದೆ. 2006ರಲ್ಲಿ ಆಸ್ಟ್ರೇಲಿಯಾದ ಮೈಕೆಲ್ ಕರನ್ ಅದನ್ನು ಬರೆಯತೊಡಗಿದರು, ಆಮೇಲೆ ಗೆಳೆಯ ಜೇಮ್ಸ್ ಟೆ ಜೊತೆಗೂಡಿದರು. ಇಬ್ಬರೂ ಅಂಧರು. ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡು ಹೋಗಿ ಬೇರೆಯವರ ಕಂಪ್ಯೂಟರಿನಲ್ಲೂ ಅದನ್ನು ನಡೆಸಬಹುದು. ಅದರ ಜೊತೆಗೇ ಬರುವ ಇಸ್ಪೀಕ್ ದನಿಗೆ ಕನ್ನಡ ಓದಲು ಬರುತ್ತದೆ. ದನಿ ಯಾಂತ್ರಿಕ, ನಿಜ. ಆದರೆ ರೂಢಿಯಾದವರು ಅದನ್ನು ನಮ್ಮ ಕಿವಿಗೆ ನಿಲುಕದಷ್ಟು ವೇಗದಲ್ಲಿ ಕೇಳಿಸಿಕೊಳ್ಳುತ್ತಾರೆ.

ಸಲಕರಣೆ ಇಷ್ಟು ಸುಲಭವಾಗಿ ಸಿಗುತ್ತಿದ್ದರೂ ಕನ್ನಡದ ಎಷ್ಟೋ ಕಡತಗಳು ಅಂಧ ಓದುಗರಿಗೆ ದಕ್ಕುತ್ತಿಲ್ಲ. ತೊಡಕಿರುವುದು ಕಡತ ತಯಾರಿಸುವ ನಮ್ಮ ಕಡೆ.

ಸ್ಕ್ರೀನ್ ರೀಡರ್ ಅಕ್ಷರದ ಆಕಾರ ನೋಡುವುದಿಲ್ಲ, ಕಡತದೊಳಗಿನ ಸಂಕೇತ ಸಂಖ್ಯೆಯನ್ನು ಓದುತ್ತದೆ. ಯೂನಿಕೋಡ್ ಎಂಬ ಸಂಕೇತ ವ್ಯವಸ್ಥೆಯಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆ ಇದೆ. ‘ಕ’ ಎಂದರೆ 3221. ನುಡಿ, ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟ್‌ಗಳ ಬಗೆಯೇ ಬೇರೆ. ಅಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಲಾಗಿದೆ. ನುಡಿಯ ಅಂಥ ಫಾಂಟಿನಲ್ಲಿ ‘ಕನ್ನಡ’ ಎಂದು ಕಂಡರೂ ಒಳಗಿರುವುದು ಇಂಗ್ಲಿಷಿನ ಪಿ, ಕ್ಯೂ, ನಡುವೆ ಪೌಂಡಿನ ಚಿಹ್ನೆ, ತಲೆಯ ಮೇಲೆ ಗೀರು ಹೊತ್ತ ಎ. ಸ್ಕ್ರೀನ್ ರೀಡರ್ ಇದನ್ನೇ ನಿಷ್ಠೆಯಿಂದ ಓದುತ್ತದೆ. ಸುತ್ತೋಲೆ ತೆರೆದ ಅಂಧ ಶಿಕ್ಷಕರಿಗೆ ಕೇಳಿಸುವುದು ಅರ್ಥವಿಲ್ಲದ ಗದ್ದಲ.

ನಿಮ್ಮ ಕಡತ ಯಾವ ಬಗೆಯದೆಂದು ತಿಳಿಯಲು ಒಂದು ಸಾಲನ್ನು ಕಾಪಿ ಮಾಡಿ ವಾಟ್ಸ್ಆ್ಯಪ್‌ನಲ್ಲಿ ಪೇಸ್ಟ್ ಮಾಡಿ. ಕನ್ನಡವಾಗಿಯೇ ಬಂದರೆ ಯೂನಿಕೋಡ್. ಚಿತ್ರವಿಚಿತ್ರ ಚಿಹ್ನೆ ಬಂದರೆ ಪರಿವರ್ತಕದಲ್ಲಿ ಹಾಕಿ ಬದಲಿಸಬೇಕು. ಅಂತರಜಾಲದಲ್ಲಿ ಉಚಿತ ಪರಿವರ್ತಕಗಳಿವೆ. ‘ಬೆರಳಿಗೆ ರೂಢಿ ತಪ್ಪುತ್ತದೆ’ ಎಂದು ಡಿಟಿಪಿ ಮಾಡುವವರು ಅಂಜಬೇಕಿಲ್ಲ. ನುಡಿಯ ಹೊಸ ಆವೃತ್ತಿಗಳಲ್ಲಿ ಅದೇ ಕೀಲಿ ವಿನ್ಯಾಸದಲ್ಲೇ ಯೂನಿಕೋಡ್ ಟೈಪ್ ಮಾಡಬಹುದು.

ಇದಕ್ಕಿಂತಲೂ ಕೆಟ್ಟದ್ದು ಸ್ಕ್ಯಾನ್ ಮಾಡಿದ ಪಿಡಿಎಫ್. ಆದೇಶವನ್ನು ಮುದ್ರಿಸಿ, ಸಹಿ ಮತ್ತು ಮೊಹರು ಹಾಕಿ, ಸ್ಕ್ಯಾನ್ ಮಾಡಿ ಕಳಿಸುವುದು ಹಲವು ಕಚೇರಿಗಳ ವಾಡಿಕೆ. ಅದು ಬರಿಯ ಚಿತ್ರ, ಅದರಲ್ಲಿ ಅಕ್ಷರವೇ ಇಲ್ಲ. ಚಿತ್ರದಿಂದ ಅಕ್ಷರ ಹೆಕ್ಕುವ ಓಸಿಆರ್ ಕನ್ನಡಕ್ಕೂ ಬಂದಿದೆ, ಟೆಸರಾಕ್ಟ್ ಎಂಬುದು ಉಚಿತವೂ ಹೌದು. ಆದರೆ ಮಸುಕಾದ ಪುಟದಲ್ಲಿ ಒತ್ತಕ್ಷರ, ಅಂಕಿಗಳು ತಪ್ಪಬಹುದು. ಅರ್ಜಿಯ ಕೊನೆಯ ದಿನಾಂಕವೇ ತಪ್ಪಾಗಿ ಕೇಳಿಸಿದರೆ ಗತಿಯೇನು? ಮೂಲ ವರ್ಡ್ ಕಡತ ಹೇಗೂ ಅದೇ ಕಚೇರಿಯ ಕಂಪ್ಯೂಟರಿನಲ್ಲಿರುತ್ತದೆ. ಸಹಿಯ ಪ್ರತಿಯ ಜೊತೆ ಅದನ್ನೂ ಲಗತ್ತಿಸಿದರಾಯಿತು. ಮುದ್ರಿತ ಹಾಗೂ ಎಲೆಕ್ಟ್ರಾನಿಕ್ ಮಾಧ್ಯಮದ ವಿಷಯ ಅಂಗವಿಕಲರಿಗೆ ಎಟುಕುವ ರೂಪದಲ್ಲಿರುವಂತೆ ಸರ್ಕಾರ ಕ್ರಮ ಕೈಗೊಳ್ಳಬೇಕೆಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 42ನೇ ಸೆಕ್ಷನ್ ಹೇಳುತ್ತದೆ. ಹಾಗಾಗಿ ಇದನ್ನು ಯಾರೂ ಸಂಕೋಚದಿಂದ ಬೇಡಬೇಕಾಗಿಲ್ಲ.

ಇನ್ನು ಕಡತದ ಜೋಡಣೆ. ಜಾಲಪುಟದಲ್ಲಿ ಎಚ್ ಕೀಲಿ ಒತ್ತಿದರೆ ಎನ್‌ವಿಡಿಎ ಒಂದು ಶೀರ್ಷಿಕೆಯಿಂದ ಮುಂದಿನದಕ್ಕೆ ಜಿಗಿಯುತ್ತದೆ. ನಾವು ಪುಟದ ಮೇಲೆ ಕಣ್ಣು ಹಾಯಿಸುವಂತೆಯೇ ಇದು. ಆದರೆ ಅಕ್ಷರವನ್ನು ದಪ್ಪ ಮಾಡಿದ ಮಾತ್ರಕ್ಕೆ ಅದು ಶೀರ್ಷಿಕೆಯಾಗದು. ವರ್ಡ್‌ನಲ್ಲಿ ಹೆಡಿಂಗ್ ಸ್ಟೈಲ್ ಹಾಕಬೇಕು. ಇಲ್ಲದಿದ್ದರೆ ನಲವತ್ತು ಪುಟದ ಪಠ್ಯದಲ್ಲಿ ಬೇಕಾದ ಪಾಠ ಹುಡುಕಲು ಮೊದಲಿಂದ ಕೇಳುತ್ತ ಬರಬೇಕಾಗುತ್ತದೆ. ಚಿತ್ರಕ್ಕೆ ಆಲ್ಟ್ ಟೆಕ್ಸ್ಟ್ ಎಂಬಲ್ಲಿ ಒಂದು ಸಾಲಿನ ವಿವರಣೆ ಬರೆಯಿರಿ. ಕೋಷ್ಟಕದ ಮನೆಗಳನ್ನು ಒಂದರೊಳಗೊಂದು ಕೂಡಿಸಬೇಡಿ.

ಕಳಿಸುವ ಮುನ್ನ ನೀವೂ ಎನ್‌ವಿಡಿಎ ಹಾಕಿಕೊಂಡು ಕಡತ ತೆರೆಯಿರಿ. ಮಾನಿಟರ್ ಆರಿಸಿ, ಇನ್ಸರ್ಟ್ ಮತ್ತು ಕೆಳಬಾಣದ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಅದು ಕೊನೆಯವರೆಗೆ ಓದುತ್ತದೆ. ಎಲ್ಲಿ ನಿಮಗೆ ತಿಳಿಯದೆ ಹೋಯಿತೋ ಅಲ್ಲಿ ತಿದ್ದಿ, ಆಮೇಲೆ ಕಳಿಸಿ.